ಚಿನ್ನ ಕೂರಬಾರದ ಜಾಗ

“ಇದರ ಹೆಸರು ನಿನಗೆ ಯಾರು ಹೇಳಿದ್ದು?”

ನನ್ನ ಗೈಡ್ ಮೇಡಂ ಈ ಪ್ರಶ್ನೆ ಕೇಳಿದಾಗ ಅವರ ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ಊರಿನ ಜಾತ್ರೆಯಲ್ಲಿ ಸಿಕ್ಕ ಮಗುವನ್ನು “ಯಾರ ಮನೆಯವಳೇ ನೀನು?” ಅಂತ ಕೇಳುತ್ತಾರಲ್ಲ, ಹಾಗೆ ಕೇಳಿದ್ದರು. ಮೇಜಿನ ಮೇಲೆ ನಾನು ತೆಗೆದ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರವಿತ್ತು. ಬೂದು ಬಣ್ಣದ ಹಿನ್ನೆಲೆಯಲ್ಲಿ ಉದ್ದಿನ ವಡೆಗೆ ಹಾಕುವ ಮೊದಲು ತಟ್ಟಿದ ಹಿಟ್ಟಿನ ಉಂಡೆಯಂಥ ಒಂದು ಬ್ಯಾಕ್ಟೀರಿಯಾ. ಅದರ ಮೈತುಂಬ ನೇರವಾಗಿ ನಿಂತ ಸಣ್ಣ ಕೂದಲುಗಳು. ಚಿತ್ರದ ಕೆಳಗೆ ನಾನು ದಪ್ಪ ಅಕ್ಷರದಲ್ಲಿ ಬರೆದಿದ್ದೆ: “ಮೂರನೇ ಬಗೆಯ ಫಿಂಬ್ರಿಯಾ.”

“ಪುಸ್ತಕದಲ್ಲಿದೆ ಮೇಡಂ,” ಅಂದೆ.

“ಪುಸ್ತಕದಲ್ಲಿ ಇರೋದು ಅವರ ಬ್ಯಾಕ್ಟೀರಿಯಾದ ಕೂದಲು. ನಿನ್ನದರ ಕೂದಲು ಯಾವುದು ಅಂತ ಅದಕ್ಕೆ ಹೇಗೆ ಗೊತ್ತು?”

ನಾನು ಪಿಎಚ್‌ಡಿಗೆ ಸೇರಿ ಒಂದೂವರೆ ವರ್ಷವಾಗಿತ್ತು. ನನ್ನ ಪಾಲಿಗೆ ಬಂದಿದ್ದ ಜೀವಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದವರಿಗೆ ಮೂತ್ರದ ಸೋಂಕು, ಪುಪ್ಪುಸದ ಸೋಂಕು ತಗುಲಿಸುವುದರಲ್ಲಿ ಇದರದು ದೊಡ್ಡ ಹೆಸರು. ಈಜಲು ಇದಕ್ಕೆ ಬಾಲವಿಲ್ಲ. ಮೈಮೇಲೆ ಸಕ್ಕರೆಯಂಥ ಅಂಟಿನ ದಪ್ಪ ಹೊದಿಕೆ ಇದೆ. ಆ ಹೊದಿಕೆಯನ್ನು ದಾಟಿ ಹೊರಗೆ ಚಾಚುವ ಕೂದಲುಗಳೇ ಫಿಂಬ್ರಿಯಾ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನೇ ಬಗೆಯದು ಸುಮಾರು 7 ನ್ಯಾನೋಮೀಟರ್ ದಪ್ಪ, ಕಡ್ಡಿಯ ಹಾಗೆ ನೆಟ್ಟಗೆ. ಅದರ ತುದಿಯಲ್ಲಿರುವ ಪ್ರೋಟೀನು ನಮ್ಮ ಜೀವಕೋಶಗಳ ಮೇಲಿನ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಮೂರನೇ ಬಗೆಯದು ಇನ್ನೂ ತೆಳು, ಬಳುಕುವ ಎಳೆ. ಕ್ಯಾಥೆಟರಿನ ಪ್ಲಾಸ್ಟಿಕ್ಕಿನ ಮೇಲೆ ಈ ಬ್ಯಾಕ್ಟೀರಿಯಾಗಳು ಪದರುಪದರಾಗಿ ಮನೆಮಾಡಿಕೊಳ್ಳುವುದರಲ್ಲಿ ಈ ಎಳೆಯ ಪಾತ್ರ ದೊಡ್ಡದು. ಅದರ ಪ್ರೋಟೀನಿನ ಹೆಸರು ಎಂಆರ್‌ಕೆ-ಎ. ನಮ್ಮ ಹತ್ತಿರವಿದ್ದ ತಳಿಯ ಮೈಮೇಲೆ ಯಾವ ಕೂದಲು ಇದೆ, ಎಷ್ಟಿದೆ, ಎಲ್ಲಿದೆ ಅಂತ ತೋರಿಸುವುದು ನನ್ನ ಕೆಲಸ.

ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಏಳು ಮತ್ತು ನಾಲ್ಕರ ನಡುವಿನ ವ್ಯತ್ಯಾಸವನ್ನು ಕಣ್ಣಳತೆಯಲ್ಲಿ ಹೇಳಿಬಿಡಬಹುದು ಅಂತ ನಾನು ನಂಬಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು ನಾನು. ಆದರೆ ಲಕ್ಷಾಂತರ ರೂಪಾಯಿಯ ಯಂತ್ರ ತೋರಿಸಿದ ಚಿತ್ರಕ್ಕೂ ಆ ಮಾತು ಅನ್ವಯಿಸುತ್ತದೆ ಅಂತ ತಲೆಗೆ ಹೊಳೆದಿರಲಿಲ್ಲ.

“ಚಿನ್ನ ಹಚ್ಚಿ ನೋಡು,” ಅಂದರು ಮೇಡಂ.

*

ಆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ, ನಾಳೆಯಿಂದ ಚಿನ್ನದ ಕೆಲಸ ಅಂತ. “ಎಷ್ಟು ತೊಲ ಕೊಡ್ತಾರೆ?” ಅಂತ ಕೇಳಿದಳು. ಮರುವಾರ ಬಂದದ್ದು ಬೆರಳುದ್ದದ ಸೀಸೆಯಲ್ಲಿ ಒಂದಿಷ್ಟು ಕೆಂಪು ನೀರು. ನಮ್ಮ ಸಾಗರದ ಕಡೆ ಬೇಸಿಗೆಯಲ್ಲಿ ಮಾಡುವ ಮುರುಗಲು ಹಣ್ಣಿನ ಪಾನಕದ ಬಣ್ಣ. ಚಿನ್ನವನ್ನು ಹತ್ತಿಪ್ಪತ್ತು ನ್ಯಾನೋಮೀಟರಿನಷ್ಟು ಸಣ್ಣ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಅದು ಹಳದಿಯಾಗಿ ಹೊಳೆಯುವುದಿಲ್ಲ, ಮಾಣಿಕ್ಯದ ಹಾಗೆ ಕೆಂಪಾಗುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ಗಮನಿಸಿ ಬರೆದಿದ್ದ. ಅದೇ ಚಿನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಒಳಗೆ ಹೋದರೆ ಮತ್ತೆ ಬಣ್ಣ ಬದಲಿಸುತ್ತದೆ: ಅಚ್ಚ ಕಪ್ಪು. ಯಾಕೆಂದರೆ ಆ ಯಂತ್ರದಲ್ಲಿ ಬೆಳಕಿಲ್ಲ. ಎಲೆಕ್ಟ್ರಾನುಗಳ ಧಾರೆ ವಸ್ತುವಿನ ಮೂಲಕ ಹಾದು ಕೆಳಗಿನ ಪರದೆಗೆ ಬಡಿಯಬೇಕು. ಬ್ಯಾಕ್ಟೀರಿಯಾದ ಮೈಯಲ್ಲಿರುವ ಇಂಗಾಲ, ಸಾರಜನಕಗಳಂಥ ಹಗುರ ಪರಮಾಣುಗಳು ಅವುಗಳನ್ನು ಹೆಚ್ಚುಕಡಿಮೆ ಬಿಟ್ಟುಕೊಡುತ್ತವೆ. ಭಾರವಾದ ಚಿನ್ನ ಅವುಗಳನ್ನು ಚದುರಿಸಿಬಿಡುತ್ತದೆ. ಚದುರಿದ ಜಾಗದಲ್ಲಿ ಪರದೆಯ ಮೇಲೆ ದುಂಡನೆಯ ಕಪ್ಪು ಚುಕ್ಕೆ.

ಚುಕ್ಕೆ ಇಡುವುದು ಸುಲಭ. ಸರಿಯಾದ ಜಾಗದಲ್ಲಿ ಇಡುವುದು ಕಷ್ಟ. ಅದಕ್ಕೆ ಪ್ರತಿಕಾಯ ಬೇಕು. ಯಾವುದೋ ಒಂದು ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ, ಮೊಲದ ರಕ್ತದಲ್ಲಿ ಆ ಪ್ರೋಟೀನನ್ನೇ ಹುಡುಕಿ ಹಿಡಿಯುವ ಪ್ರತಿಕಾಯಗಳು ತಯಾರಾಗುತ್ತವೆ. ಆ ಪ್ರತಿಕಾಯಕ್ಕೆ ಭಾರವಾದದ್ದೇನನ್ನಾದರೂ ಕಟ್ಟಿದರೆ, ಅದು ಎಲ್ಲಿ ಹೋಗಿ ಕೂತಿತು ಅಂತ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. 1959ರಲ್ಲಿ ಎಸ್. ಜೆ. ಸಿಂಗರ್ ಕಟ್ಟಿದ್ದು ಫೆರಿಟಿನ್ ಎಂಬ ಕಬ್ಬಿಣ ತುಂಬಿದ ಪ್ರೋಟೀನನ್ನು. 1971ರಲ್ಲಿ ಫಾಕ್ ಮತ್ತು ಟೇಲರ್ ಎಂಬ ಇಬ್ಬರು ಚಿನ್ನದ ಕಣವನ್ನೇ ಕಟ್ಟಿ ನೋಡಿದರು. ಅವರು ಮೊದಲು ಚಿನ್ನ ತೊಡಿಸಿದ್ದೂ ಒಂದು ಬ್ಯಾಕ್ಟೀರಿಯಾಕ್ಕೇ, ಸಾಲ್ಮೊನೆಲ್ಲಾದ ಮೈಗೆ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು ಯಾರೋ ಇಬ್ಬರು ಇದೇ ಕೆಲಸಕ್ಕೆ ಕೂತಿದ್ದರು ಅಂತ ಓದಿದಾಗ ಖುಷಿಯಾಗಿತ್ತು.

ಕೆಲಸ ನಡೆಯುವುದು ಗ್ರಿಡ್ ಎಂಬ ಲೋಹದ ಜಾಲರಿಯ ಮೇಲೆ. ಅಗಲ ಮೂರು ಮಿಲಿಮೀಟರ್, ಅಂದರೆ ಹೆಸರುಕಾಳಿಗಿಂತ ಸಣ್ಣದು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ. ಪೊರೆಯ ಮೇಲೆ ಬ್ಯಾಕ್ಟೀರಿಯಾ ಇರುವ ಒಂದು ಹನಿ. ನಂತರ ಮೇಣದ ಹಾಳೆಯ ಮೇಲೆ ಹನಿಗಳ ಸಾಲು ಇಟ್ಟುಕೊಂಡು, ಚಿಮಟದಿಂದ ಗ್ರಿಡ್ಡನ್ನು ಎತ್ತಿ ಒಂದೊಂದೇ ಹನಿಯ ಮೇಲೆ ಬೋರಲಾಗಿ ತೇಲಿಸುತ್ತಾ ಹೋಗಬೇಕು. ಮೊದಲ ಹನಿಯಲ್ಲಿ ದನದ ರಕ್ತದಿಂದ ತೆಗೆದ ಪ್ರೋಟೀನು, ಅಂಟುವ ಖಾಲಿ ಜಾಗಗಳನ್ನೆಲ್ಲ ಮುಚ್ಚಲಿಕ್ಕೆ. ಮುಂದಿನ ಹನಿಯಲ್ಲಿ ಮೊಲದ ಸೀರಮ್. ಆಮೇಲೆ ತೊಳೆಯುವ ಹನಿಗಳು. ಆಮೇಲೆ ಮೊಲದ ಪ್ರತಿಕಾಯವನ್ನು ಹಿಡಿಯುವ ಮೇಕೆಯ ಪ್ರತಿಕಾಯ, ಅದಕ್ಕೆ ಕಟ್ಟಿದ 10 ನ್ಯಾನೋಮೀಟರಿನ ಚಿನ್ನ. ಮತ್ತೆ ತೊಳೆಯುವುದು. ಕೊನೆಗೆ ಯುರೇನಿಯಂ ಲವಣದ ಹನಿ, ಹಿನ್ನೆಲೆಯನ್ನು ಕಪ್ಪಾಗಿಸಿ ಬ್ಯಾಕ್ಟೀರಿಯಾವನ್ನು ಎತ್ತಿ ತೋರಿಸಲಿಕ್ಕೆ. ಉಸಿರು ಜೋರಾಗಿ ಬಿಟ್ಟರೆ ಗ್ರಿಡ್ ಹಾರಿಹೋಗುತ್ತದೆ. ಮಗುಚಿ ಬಿದ್ದರೆ ಯಾವ ಮೈ ಮೇಲೆ, ಯಾವುದು ಕೆಳಗೆ ಅಂತ ತಿಳಿಯುವುದಿಲ್ಲ. ಮೊದಲ ತಿಂಗಳಲ್ಲಿ ನಾನು ನೆಲದ ಮೇಲೆ ಮೊಣಕಾಲೂರಿ ಹುಡುಕಿದ ಗ್ರಿಡ್ಡುಗಳಿಗೆ ಲೆಕ್ಕವಿಲ್ಲ.

*

ಮೈಕ್ರೋಸ್ಕೋಪ್ ಇದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ, ಅಲುಗಾಟ ತಟ್ಟಬಾರದೆಂದು. ಅದನ್ನು ನಡೆಸುವ ಆಪರೇಟರ್ ಸರ್ ನಿವೃತ್ತಿಗೆ ಹತ್ತಿರವಾದವರು. ಹಳೆಯ ಯಂತ್ರ, ಕತ್ತಲ ಕೋಣೆಯಲ್ಲಿ ಹಸಿರಾಗಿ ಹೊಳೆಯುವ ಪರದೆಯನ್ನು ಗಾಜಿನ ಕಿಟಕಿಯ ಮೂಲಕ ಬಗ್ಗಿ ನೋಡಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದು ನಿಮಿಷ ಬೇಕು. ಆ ಐದು ನಿಮಿಷ ಸರ್ ತಮ್ಮ ಮಗಳ ಪರೀಕ್ಷೆಯ ಬಗ್ಗೆಯೋ ಮೆಟ್ರೋ ಕಾಮಗಾರಿಯಿಂದ ಯಂತ್ರ ನಡುಗುವ ಬಗ್ಗೆಯೋ ಮಾತಾಡುತ್ತಿದ್ದರು.

ಒಂದು ಶುಕ್ರವಾರ ಸಂಜೆ, ಹನ್ನೊಂದನೆಯದೋ ಹನ್ನೆರಡನೆಯದೋ ಪ್ರಯತ್ನದಲ್ಲಿ, ಪರದೆಯ ಮೇಲೆ ಚುಕ್ಕೆಗಳು ಬಂದವು. ಬ್ಯಾಕ್ಟೀರಿಯಾದ ಮೈಮೇಲೆ, ಆ ನೆಟ್ಟಗಿನ ಕೂದಲುಗಳ ಉದ್ದಕ್ಕೂ, ಮಣಿ ಪೋಣಿಸಿದ ಹಾಗೆ. ನಾನು ಕೂಗಿಯೇಬಿಟ್ಟೆ. ನನ್ನ ಕೂದಲಿಗೆ ಹೆಸರು ಸಿಕ್ಕಿತ್ತು. ಮೊಲ ಹೇಳಿತ್ತು, ಚಿನ್ನ ಸಾಕ್ಷಿ ಹಾಕಿತ್ತು. ಅಲ್ಲಲ್ಲಿ ಕೂದಲೇ ಇಲ್ಲದ ಖಾಲಿ ಜಾಗದಲ್ಲೂ ಕೆಲವು ಚುಕ್ಕೆಗಳಿದ್ದವು. ಅವು ಸರಿಯಾಗಿ ತೊಳೆಯದೆ ಉಳಿದ ಕಸ ಅಂತ ಬಿಟ್ಟೆ. ನಲವತ್ತು ಚಿತ್ರ ತೆಗೆದೆ.

ಹೊರಡುವಾಗ ಸರ್ ಯಂತ್ರ ಆರಿಸುತ್ತಾ ಹೇಳಿದರು: “ಚಿನ್ನ ಇರೋ ಕಡೆದು ಅಷ್ಟೊಂದು ಫೋಟೋ ತೆಗೆದ್ರಿ. ಚಿನ್ನ ಕೂರಬಾರದ ಕಡೆದು ಒಂದೂ ತರ್ಲಿಲ್ವಲ್ಲಮ್ಮ?”

“ಅದು ಮುಂದಿನ ವಾರ ಸರ್,” ಅಂದೆ.

ಮುಂದಿನ ವಾರ ಬರಲಿಲ್ಲ. ಎರಡು ವರ್ಷ ಮುಗಿಯುವ ಹೊತ್ತಿಗೆ ಸಂಶೋಧನಾ ವಿದ್ಯಾರ್ಥಿಗಳನ್ನು ಒಂದು ಸಮಿತಿ ಕೂರಿಸಿ ಕೇಳುತ್ತದೆ. ಅವರು ಒಪ್ಪಿದರೆ ಜೂನಿಯರ್ ಫೆಲೋಶಿಪ್ ಸೀನಿಯರ್ ಆಗುತ್ತದೆ, ತಿಂಗಳ ಹಣ ಒಂದಿಷ್ಟು ಏರುತ್ತದೆ. ಊರಿನಲ್ಲಿ ಆ ವರ್ಷ ಅಡಿಕೆಗೆ ಕೊಳೆರೋಗ ಬಂದಿತ್ತು. ಮನೆಗೆ ಒಂದಿಷ್ಟು ಹೆಚ್ಚು ಕಳಿಸಬಹುದು ಅಂತ ನಾನು ಆಗಲೇ ಲೆಕ್ಕ ಹಾಕಿಟ್ಟಿದ್ದೆ. ಪೋಸ್ಟರಿನ ನಡುಮಧ್ಯೆ ಆ ಶುಕ್ರವಾರದ ಚಿತ್ರಗಳಲ್ಲೇ ಚೆಂದದ್ದೊಂದನ್ನು ದೊಡ್ಡದು ಮಾಡಿ ಹಾಕಿದೆ. ಪ್ರಿಂಟ್ ಆಗಿ ಬಂತು. ಸಮಿತಿಗೆ ಇನ್ನು ಒಂಬತ್ತು ದಿನವಿತ್ತು.

*

ಚಿನ್ನ ಕೂರಬಾರದ ಜಾಗ ಅಂದರೇನು ಅಂತ ಹೇಳಬೇಕು. ಈ ವಿದ್ಯೆಯ ಅರ್ಧ ಇರುವುದು ಅಲ್ಲಿ. ಒಂದು ಗ್ರಿಡ್ಡಿಗೆ ಮೊಲದ ಸೀರಮ್ಮನ್ನೇ ಹಾಕದೆ ಬರೀ ಚಿನ್ನ ಕಟ್ಟಿದ ಮೇಕೆಯ ಪ್ರತಿಕಾಯ ಹಾಕಬೇಕು. ಆಗ ಚುಕ್ಕೆ ಬಂದರೆ ಚಿನ್ನ ತಾನಾಗಿಯೇ ಅಂಟುತ್ತಿದೆ ಅಂತ. ಇನ್ನೊಂದಕ್ಕೆ, ಮೊಲಕ್ಕೆ ಪ್ರೋಟೀನು ಚುಚ್ಚುವ ಮೊದಲೇ ತೆಗೆದಿಟ್ಟ ರಕ್ತದ ಸೀರಮ್ ಹಾಕಬೇಕು. ಮತ್ತೊಂದರಲ್ಲಿ, ಎಂಆರ್‌ಕೆ-ಎ ಜೀನನ್ನೇ ಕತ್ತರಿಸಿ ತೆಗೆದ ಬ್ಯಾಕ್ಟೀರಿಯಾ ಇಡಬೇಕು. ಇಲ್ಲದ ಪ್ರೋಟೀನಿನ ಮೇಲೆ ಚಿನ್ನ ಹೇಗೆ ಕೂತೀತು? ಈ ಮೂರೂ ಖಾಲಿ ಬಂದರೆ ಮಾತ್ರ ನಾಲ್ಕನೆಯ ಗ್ರಿಡ್ಡಿನ ಚುಕ್ಕೆಗೆ ಬೆಲೆ. ಅಮ್ಮ ಬಳೆ ಮಾರಲು ಹೋದಾಗ ಅಂಗಡಿಯ ಆಚಾರ್ರು ಒರೆಗಲ್ಲಿಗೆ ತಿಕ್ಕಿ ನೋಡಿದ್ದು ನೆನಪಿದೆ. ಅವರು ಬಳೆಯ ಗೆರೆಯ ಪಕ್ಕದಲ್ಲಿ, ಗುಣ ಗೊತ್ತಿರುವ ಚಿನ್ನದ್ದೂ ಒಂದು ಗೆರೆ ಎಳೆಯುತ್ತಿದ್ದರು. ಪಕ್ಕದ ಗೆರೆ ಇಲ್ಲದೆ ಒರೆಗಲ್ಲಿಗೂ ಮಾತು ಬಾರದು.

ಆಪರೇಟರ್ ಸರ್ ಮಾತು ತಲೆಯೊಳಗೆ ಗುಂಗಿಹುಳದ ಹಾಗೆ ಸುತ್ತುತ್ತಿತ್ತು. ಒಂಬತ್ತು ದಿನಗಳಲ್ಲಿ ನಾಲ್ಕನೆಯ ದಿನ, ಮೂರು ಗ್ರಿಡ್ಡುಗಳನ್ನು ತಯಾರಿಸಿಕೊಂಡು ನೆಲಮಾಳಿಗೆಗೆ ಇಳಿದೆ. ಮೊದಲನೆಯದು, ಬರೀ ಮೇಕೆಯ ಪ್ರತಿಕಾಯದ್ದು, ಖಾಲಿ ಇತ್ತು. ಉಸಿರು ಬಂತು. ಎರಡನೆಯದು, ಚುಚ್ಚುವ ಮೊದಲಿನ ಮೊಲದ ಸೀರಮ್ ಹಾಕಿದ್ದು. ಅದರಲ್ಲಿ ಚುಕ್ಕೆಗಳಿದ್ದವು. ನೆಟ್ಟಗಿನ ಕೂದಲುಗಳ ಮೇಲೆಯೇ, ಮಣಿ ಪೋಣಿಸಿದ ಹಾಗೆಯೇ. ಮೂರನೆಯದು, ಜೀನ್ ಇಲ್ಲದ ಬ್ಯಾಕ್ಟೀರಿಯಾ. ಅದಕ್ಕೂ ನೆಟ್ಟಗಿನ ಕೂದಲುಗಳಿದ್ದವು, ಅವುಗಳ ಮೇಲೂ ಚಿನ್ನ.

ಅರ್ಥ ಸರಳವಾಗಿತ್ತು. ನಮ್ಮ ಮೊಲ ಹಸಿ ಹಲಗೆಯಲ್ಲ. ಅದಕ್ಕೂ ಹೊಟ್ಟೆಯಿದೆ, ಹೊಟ್ಟೆಯಲ್ಲಿ ಕ್ಲೆಬ್ಸಿಯೆಲ್ಲಾದ ಹತ್ತಿರದ ನೆಂಟರಾದ ಬ್ಯಾಕ್ಟೀರಿಯಾಗಳಿವೆ. ನಾವು ಚುಚ್ಚುವ ಎಷ್ಟೋ ಮೊದಲೇ ಅದು ಅವುಗಳ ಕೂದಲುಗಳನ್ನು ಕಂಡು ಪ್ರತಿಕಾಯ ಮಾಡಿಟ್ಟುಕೊಂಡಿತ್ತು. ನನ್ನ ಚಿತ್ರದ ಚಿನ್ನ ಸುಳ್ಳು ಹೇಳಿರಲಿಲ್ಲ; ನಾನು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ, ಅಷ್ಟೆ. ಆ ನೆಟ್ಟಗಿನ ಕೂದಲುಗಳು ಮೂರನೇ ಬಗೆಯವಂತೂ ಅಲ್ಲವೇ ಅಲ್ಲ. ಜೀನು ಹೋದ ಮೇಲೂ ಅವು ಇದ್ದವಲ್ಲ.

“ಎರಡನೇದು ಮೂರನೇದು ಫೋಟೋ ಬೇಕಾ?” ಅಂತ ಸರ್ ಕೇಳಿದರು. ಕತ್ತಲಲ್ಲಿ ಅವರ ಮುಖ ಕಾಣುತ್ತಿರಲಿಲ್ಲ.

ಬೇಡ ಅಂದುಬಿಡಬಹುದಿತ್ತು. ಈಗ ಬರೆಯುವಾಗಲೂ ಆ ಗಳಿಗೆ ಮೈಮೇಲೆ ಬರುತ್ತದೆ. ಪೋಸ್ಟರ್ ಮೇಲೆ, ನನ್ನ ಸೀಟಿನ ಹಿಂದೆ, ಸುತ್ತಿ ನಿಲ್ಲಿಸಿತ್ತು. ಸಮಿತಿಯವರು ಹತ್ತು ನಿಮಿಷ ನೋಡುತ್ತಾರೆ. ಕಂಟ್ರೋಲ್ ನಡೆಯುತ್ತಿದೆ ಅಂದರೆ ತಲೆಯಾಡಿಸುತ್ತಾರೆ. ಗ್ರಿಡ್ಡುಗಳು ಹೆಸರುಕಾಳಿಗಿಂತ ಸಣ್ಣವು, ನೆಲಕ್ಕೆ ಬಿದ್ದರೆ ಯಾರಿಗೂ ಸಿಗುವುದಿಲ್ಲ. ಇದನ್ನೆಲ್ಲ ನಾನು ಯೋಚಿಸಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅರ್ಧ ನಿಮಿಷವಾದರೂ ಯೋಚಿಸಿದೆ. ಕೊನೆಗೆ “ಬೇಕು ಸರ್” ಅಂದದ್ದು ದೊಡ್ಡ ಪ್ರಾಮಾಣಿಕತೆಯಿಂದಲೂ ಅಲ್ಲ. ಆ ಚಿತ್ರವನ್ನು ಸರ್ ಕೂಡ ನೋಡಿದ್ದರು. ನಾನು ಒಬ್ಬಳೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಅನ್ನುವುದನ್ನು ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಮೇಡಂ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. “ಸದ್ಯ, ಈಗಲೇ ಗೊತ್ತಾಯ್ತು,” ಅಂದರು. ಪೋಸ್ಟರ್ ಮತ್ತೆ ಪ್ರಿಂಟ್ ಮಾಡಿಸಲು ದುಡ್ಡೂ ಇರಲಿಲ್ಲ, ಹಾಕಲು ಬೇರೆ ಚಿತ್ರವೂ ಇರಲಿಲ್ಲ. ನಡುಮಧ್ಯದ ಆ ಚೌಕದ ಮೇಲೆ ಬಿಳಿ ಹಾಳೆ ಅಂಟಿಸಿಕೊಂಡು ಸಮಿತಿಯ ಮುಂದೆ ನಿಂತೆ. ಇಲ್ಲೇನಿತ್ತು ಅಂತ ಕೇಳಿದರು. ಹೇಳಿದೆ. ಆರು ತಿಂಗಳು ಬಿಟ್ಟು ಬನ್ನಿ ಅಂದರು. ಫೆಲೋಶಿಪ್ಪಿನ ಏರಿಕೆಯೂ ಆರು ತಿಂಗಳು ಮುಂದೆ ಹೋಯಿತು. ಅಪ್ಪನಿಗೆ ಫೋನಿನಲ್ಲಿ “ಈ ಸಲ ಆಗಲಿಲ್ಲ” ಅಂದೆ. “ಪರೀಕ್ಷೆ ಫೇಲಾ?” ಅಂತ ಕೇಳಿದರು. ಹೌದು ಅಂದೆ. ವಿವರಿಸಲು ಆಗಲಿಲ್ಲ.

*

ಆಮೇಲಿನ ಕೆಲಸಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಸೀರಮ್ಮನ್ನು ಸೋಸಬೇಕಿತ್ತು. ಅದರ ಉಪಾಯ ಕೇಳಿದರೆ ನಗು ಬರುತ್ತದೆ, ಅಷ್ಟು ಸರಳ. ಎಂಆರ್‌ಕೆ-ಎ ಜೀನು ಇಲ್ಲದ ಬ್ಯಾಕ್ಟೀರಿಯಾವನ್ನು ರಾಶಿ ಬೆಳೆಸಿ, ಮೊಲದ ಸೀರಮ್ಮಿನೊಳಗೆ ಕಲಸಿ, ತಣ್ಣಗೆ ಇಟ್ಟುಬಿಡುವುದು. ಅದರ ಮೈಯಲ್ಲಿ ಏನೇನಿದೆಯೋ, ನೆಟ್ಟಗಿನ ಕೂದಲೂ ಸೇರಿ, ಅವನ್ನೆಲ್ಲ ಹಿಡಿಯುವ ಪ್ರತಿಕಾಯಗಳು ಹೋಗಿ ಅಂಟಿಕೊಳ್ಳುತ್ತವೆ. ಜೋರಾಗಿ ತಿರುಗಿಸಿದರೆ ಬ್ಯಾಕ್ಟೀರಿಯಾದ ಜತೆ ಅವೂ ತಳಕ್ಕೆ ಇಳಿಯುತ್ತವೆ. ಮೇಲೆ ಉಳಿದ ತಿಳಿಯಲ್ಲಿ, ಆ ಬ್ಯಾಕ್ಟೀರಿಯಾದಲ್ಲಿ ಇಲ್ಲದ ಒಂದೇ ವಸ್ತುವನ್ನು ಹುಡುಕುವ ಪ್ರತಿಕಾಯ ಮಾತ್ರ ಉಳಿಯಬೇಕು. ಒಂದು ಸಲಕ್ಕೆ ಆಗುವುದಿಲ್ಲ. ಮತ್ತೆ ಮತ್ತೆ ಮಾಡಬೇಕು. ನೆಟ್ಟಗಿನ ಕೂದಲು ಬೇರೆ ಜೀನಿನ ಸ್ವಿಚ್ಚು ಇದ್ದ ಹಾಗೆ ಬರುತ್ತದೆ, ಹೋಗುತ್ತದೆ. ಕಲಕದೆ ನಿಲ್ಲಿಸಿದ ಸಾರಿನಲ್ಲಿ ಬೆಳೆಸಿದರೆ ಚೆನ್ನಾಗಿ ಬರುತ್ತದೆ ಅಂತ ಕಲಿಯಲು ಎರಡು ತಿಂಗಳು ಹೋಯಿತು.

ಮೇಡಂ ಇನ್ನೊಂದು ಷರತ್ತು ಹಾಕಿದರು. ಗ್ರಿಡ್ಡುಗಳ ಡಬ್ಬಿಗೆ ಲ್ಯಾಬಿನ ಗೆಳತಿಯೊಬ್ಬಳು ನನಗೆ ತಿಳಿಯದ ಗುರುತು ಹಾಕಬೇಕು. ಯಾವುದರಲ್ಲಿ ಜೀನಿದೆ, ಯಾವುದರಲ್ಲಿ ಇಲ್ಲ ಅಂತ ಗೊತ್ತಿಲ್ಲದೆ ನಾನು ಚುಕ್ಕೆ ಎಣಿಸಬೇಕು. ನನಗೆ ಮೊದಲು ಅವಮಾನ ಅನ್ನಿಸಿತು. ಆಮೇಲೆ ತಿಳಿಯಿತು, ಇದು ನನ್ನ ಮೇಲಿನ ಅಪನಂಬಿಕೆ ಅಲ್ಲ, ಕಣ್ಣಿನ ಮೇಲಿನದು. ಬೇಕಾದದ್ದನ್ನು ಬೇಕಾದ ಕಡೆ ಹೆಚ್ಚು ಹೊತ್ತು ಹುಡುಕುವುದು ಕಣ್ಣಿನ ಜಾಯಮಾನ.

ಸೋಸಿದ ಸೀರಮ್ಮಿನ ಮೊದಲ ಗ್ರಿಡ್ ನೋಡಿದ ದಿನ ನಿರಾಸೆಯಾಯಿತು. ನೆಟ್ಟಗಿನ ಕೂದಲುಗಳ ಮೇಲೆ ಒಂದೂ ಚುಕ್ಕೆ ಇಲ್ಲ. ಎಲ್ಲವೂ ಸೋಸಿಹೋಯಿತು ಅಂದುಕೊಂಡೆ. “ಆ ಕಡೆ ನೋಡಮ್ಮ,” ಅಂದರು ಆಪರೇಟರ್ ಸರ್, ಗುಂಡಿ ತಿರುಗಿಸುತ್ತಾ. ಬ್ಯಾಕ್ಟೀರಿಯಾದಿಂದ ದೂರ, ಏನೂ ಇಲ್ಲದ ಬೂದು ಬಯಲಿನಲ್ಲಿ ಚುಕ್ಕೆಗಳಿದ್ದವು. ಒಂದು, ಎರಡು, ಐದು, ಎಂಟು. ಚೆಲ್ಲಾಪಿಲ್ಲಿಯಾಗಿರಲಿಲ್ಲ. ಬಳುಕುವ ಒಂದು ಸಾಲಿನಲ್ಲಿದ್ದವು, ಕತ್ತಲಲ್ಲಿ ಕಾಣದ ದಾರಿಯ ಮೇಲೆ ನಡೆದುಹೋಗುವವರ ಕೈಯ ಲಾಟೀನುಗಳ ಹಾಗೆ. ನಂತರ ಯುರೇನಿಯಂ ಲವಣವನ್ನು ತೆಳು ಮಾಡಿ ಮತ್ತೊಂದು ಗ್ರಿಡ್ ತಯಾರಿಸಿ ನೋಡಿದಾಗ ಚುಕ್ಕೆಗಳ ನಡುವೆ ಎಳೆ ಕಂಡಿತು. ಬಣ್ಣ ತುಸು ದಪ್ಪ ನಿಂತರೂ ಅದರಲ್ಲಿ ಮುಳುಗಿಹೋಗುವಷ್ಟು ತೆಳು. ಅದರ ಮೇಲೆ ಕೂತ ಚಿನ್ನದ ಕಣವೇ ಅದಕ್ಕಿಂತ ಎರಡು ಪಟ್ಟು ದಪ್ಪ. ಎರಡು ಪ್ರತಿಕಾಯಗಳ ಕೊಂಡಿಯ ತುದಿಯಲ್ಲಿ ನೇತಾಡುವುದರಿಂದ ಚುಕ್ಕೆ ಎಳೆಯ ಮೇಲೆಯೇ ಕೂರದೆ ಅಷ್ಟು ದೂರ, ಇಷ್ಟು ದೂರ ಇತ್ತು. ಜೀನಿಲ್ಲದ ಬ್ಯಾಕ್ಟೀರಿಯಾದಲ್ಲಿ ಈ ಸಾಲು ಇರಲಿಲ್ಲ. ಗೆಳತಿ ಗುರುತು ಬಿಚ್ಚಿ ಹೇಳಿದಾಗ ಲೆಕ್ಕ ಸರಿಹೊಂದಿತು.

ರೂಮಿಗೆ ಹೋಗಿ ಹಳೆಯ ನಲವತ್ತು ಚಿತ್ರಗಳನ್ನು ತೆಗೆದೆ. ಆ ಶುಕ್ರವಾರ ನಾನು ಕಸ ಅಂತ ಬಿಟ್ಟಿದ್ದ ಚುಕ್ಕೆಗಳು ಅಲ್ಲೇ ಇದ್ದವು. ಸಾಲಾಗಿಯೇ ಇದ್ದವು.

*

ಇಂಥದು ನನಗೊಬ್ಬಳಿಗೇ ಆದದ್ದಲ್ಲ ಅಂತ ತಿಳಿದದ್ದು ಆಮೇಲೆ, ಹಳೆಯ ಪ್ರಬಂಧಗಳನ್ನು ಓದುವಾಗ. ನವಜಾತ ಶಿಶುಗಳಿಗೆ ಮಾರಕವಾಗುವ ಗುಂಪು-ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ದಶಕಗಳ ಕಾಲ ಜನ ನೋಡಿದ್ದರು. ಅದರ ಮೈಮೇಲೆ ಉದ್ದ ಕೂದಲು ಇದೆ ಅಂತ ತಿಳಿದಿರಲಿಲ್ಲ. ಇಟಲಿಯ ಸಿಯೆನಾದಲ್ಲಿ ಲಸಿಕೆಗಾಗಿ ಪ್ರೋಟೀನುಗಳನ್ನು ಹುಡುಕುತ್ತಿದ್ದವರು ಒಂದು ಪ್ರೋಟೀನು ಮೈಮೇಲೆ ಎಲ್ಲಿದೆ ಅಂತ ನೋಡಲು ಚಿನ್ನ ಕಟ್ಟಿದ ಪ್ರತಿಕಾಯ ಹಚ್ಚಿದರು. ಚಿನ್ನ ಮೈಯನ್ನು ಬಿಟ್ಟು ಹೊರಗೆ ಸಾಲುಗಟ್ಟಿ ಹೋಗಿತ್ತು. ಆ ಸಾಲನ್ನು ಅವರು ಕಸ ಅನ್ನಲಿಲ್ಲ. 2005ರಲ್ಲಿ ಆ ಕೂದಲುಗಳ ವಿಷಯ ಪ್ರಕಟವಾಯಿತು.

ಚಿನ್ನ ಸರಿಯಾಗಿ ಕೂತರೂ ನಾವು ಅದನ್ನು ತಪ್ಪಾಗಿ ಓದಬಹುದು ಅನ್ನುವುದಕ್ಕೂ ಕಥೆಯಿದೆ. ಜಿಯೋಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತನ್ನ ಕೂದಲುಗಳ ಮೂಲಕ ವಿದ್ಯುತ್ತನ್ನು ಹೊರಗೆ ಹರಿಸುತ್ತದೆ. ಆ ಕೂದಲು ಪೈಲಸ್ ಎಂಬ ಬಗೆಯದು ಅಂತ 2005ರಿಂದ ನಂಬಿಕೆ. 2010ರಲ್ಲಿ ಓಎಂಸಿ-ಎಸ್ ಎಂಬ ಕಬ್ಬಿಣವಿರುವ ಪ್ರೋಟೀನಿಗೆ ಚಿನ್ನದ ಗುರುತು ಹಚ್ಚಿ ನೋಡಿದಾಗ, ಚುಕ್ಕೆಗಳು ಕೂದಲುಗಳ ಉದ್ದಕ್ಕೂ ಕಂಡವು. ಕೂದಲಿನ ಮೇಲೆ ಈ ಪ್ರೋಟೀನುಗಳು ತಂತಿಯ ಮೇಲಿನ ಹಕ್ಕಿಗಳ ಹಾಗೆ ಕೂತಿವೆ ಎಂದು ಅರ್ಥಮಾಡಿಕೊಂಡರು. 2019ರಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಪರಮಾಣುಗಳ ಮಟ್ಟದಲ್ಲಿ ನೋಡಿದವರಿಗೆ ಕಂಡದ್ದು ಬೇರೆ: ಹಕ್ಕಿಗಳು ತಂತಿಯ ಮೇಲೆ ಕೂತಿರಲಿಲ್ಲ, ಹಕ್ಕಿಗಳೇ ಒಂದಕ್ಕೊಂದು ಕೊಕ್ಕು ಸೇರಿಸಿ ತಂತಿಯಾಗಿದ್ದವು. ಹಾಗೆ ಕಂಡ ತಂಡಗಳಲ್ಲಿ ಒಂದನ್ನು ನಡೆಸಿದ ನಿಖಿಲ್ ಮಳ್ವಾಣ್ಕರ್, 2011ರಲ್ಲಿ ಪೈಲಸ್ಸೇ ವಿದ್ಯುತ್ತು ಹರಿಸುತ್ತದೆ ಎಂದ ಪ್ರಬಂಧದ ಮೊದಲ ಲೇಖಕರೂ ಹೌದು. ಹಳೆಯ ವಾದ ಹಿಡಿದವರು ಇದನ್ನು ಪೂರ್ತಿ ಒಪ್ಪಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 2010ರ ಚಿತ್ರ. ಚಿನ್ನ ಅಲ್ಲಿ ಒಂಬತ್ತು ವರ್ಷ ಮೊದಲೇ ಸರಿಯಾದ ಜಾಗ ತೋರಿಸಿತ್ತು. ಆದರೆ ಚುಕ್ಕೆಗೆ “ಇಲ್ಲಿ” ಅನ್ನುವುದಷ್ಟೇ ಗೊತ್ತು. “ಇಲ್ಲಿ” ಅಂದರೆ ಮೇಲೆಯೋ, ಒಳಗೋ, ಅದೇನೋ ಅನ್ನುವುದನ್ನು ನಾವು ಸೇರಿಸಿಕೊಳ್ಳುತ್ತೇವೆ.

ಇನ್ನೂ ಹಳೆಯದು ಮೀಸೋಸೋಮಿನ ಕಥೆ. ಬ್ಯಾಕ್ಟೀರಿಯಾದ ಪೊರೆ ಒಳಕ್ಕೆ ಮಡಿಚಿಕೊಂಡು ಆದ ಅಂಗ ಅಂತ ನಾನು ಪಿಯುಸಿಯಲ್ಲಿ ಅದರ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ. 1950ರ, 60ರ ದಶಕಗಳ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳಲ್ಲಿ ಅದು ಎದ್ದು ಕಾಣುತ್ತಿತ್ತು. 70ರ ದಶಕದಲ್ಲಿ ಬ್ಯಾಕ್ಟೀರಿಯಾವನ್ನು ರಾಸಾಯನಿಕಕ್ಕೆ ಅದ್ದದೆ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ನೋಡಿದಾಗ ಅದು ಹೆಚ್ಚುಕಡಿಮೆ ಮಾಯವಾಯಿತು. ರಾಸಾಯನಿಕವೇ ಪೊರೆಯನ್ನು ಮಡಿಚಿ ಆ ಅಂಗವನ್ನು ಹುಟ್ಟಿಸುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ಹೇಳಿದ್ದರು.

*

ಆರು ತಿಂಗಳ ನಂತರ ಸಮಿತಿ ಒಪ್ಪಿತು. ಮುಂದೆ ಎಲ್ಲ ಸರಾಗವಾಯಿತೇನೂ ಅಲ್ಲ, ಆದರೆ ಥೀಸಿಸ್ ಮುಗಿಯಿತು. ಆಪರೇಟರ್ ಸರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಬೈಂಡ್ ಮಾಡಿಸಿದ ಪ್ರತಿಯನ್ನು ಅವರ ಮನೆಗೆ ಕೊಂಡುಹೋಗಿ ತೋರಿಸಿದೆ. ಕೃತಜ್ಞತೆಯ ಪುಟದಲ್ಲಿ ತಮ್ಮ ಹೆಸರು ಹುಡುಕುವ ಬದಲು ಅವರು ನೇರ ಚಿತ್ರಗಳ ಪುಟಕ್ಕೆ ಹೋದರು, ಕನ್ನಡಕ ಏರಿಸಿ ನೋಡಿ “ಫೋಕಸ್ ಚೆನ್ನಾಗಿದೆ” ಅಂದರು.

ಊರಿಗೂ ಒಂದು ಪ್ರತಿ ಒಯ್ದಿದ್ದೆ. ಅಮ್ಮ ಜಗಲಿಯಲ್ಲಿ ಕೂತು ಪುಟ ತಿರುವಿದಳು. ಇಂಗ್ಲಿಷ್ ಸಾಲುಗಳನ್ನು ದಾಟಿಕೊಂಡು ಹೋಗಿ ಅಕ್ಕಪಕ್ಕ ಇದ್ದ ಎರಡು ಚಿತ್ರಗಳ ಹತ್ತಿರ ನಿಂತಳು. ಎಡಗಡೆಯದರಲ್ಲಿ ಬಳುಕುವ ಚುಕ್ಕೆಗಳ ಸಾಲು. ಬಲಗಡೆಯದರಲ್ಲಿ ಬ್ಯಾಕ್ಟೀರಿಯಾ, ನೆಟ್ಟಗಿನ ಕೂದಲು, ಮಿಕ್ಕಂತೆ ಬರೀ ಬೂದು.

“ಇದೇನಾ ನಿನ್ನ ಚಿನ್ನ? ಕರ್ರಗೆ ಸಾಸಿವೆ ಥರ ಇದ್ಯಲ್ಲೇ.”

“ಹೌದಮ್ಮ, ಅದೇ.”

ಬೆರಳು ಬಲಗಡೆಯ ಚಿತ್ರಕ್ಕೆ ಸರಿಯಿತು. ಆ ಕಡೆ ಈ ಕಡೆ ವಾಲಿಸಿ ನೋಡಿದಳು.

“ಇದ್ರಲ್ಲಿ ಎಂತದೂ ಇಲ್ವಲ್ಲೇ?”

“ಅದನ್ನ ತೆಗೆಯೋದಕ್ಕೇ ಜಾಸ್ತಿ ದಿನ ಹಿಡೀತು,” ಅಂದೆ.

ಅವಳು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮತ್ತೊಮ್ಮೆ ಆ ಖಾಲಿ ಚಿತ್ರದ ಮೇಲೆ ಬಗ್ಗಿದಳು, ಹೋದ ಸಲಕ್ಕಿಂತ ಹೆಚ್ಚು ಹೊತ್ತು.